ಸರೋಜತ್ತೆಗೆ ತುಂಬದ ಉಡಿ

ಆವತ್ತು ನಾನೂ ಅಲ್ಲಿದ್ದೆ ಎಂಬುದನ್ನು ಬರೆಯದೆ ಜಾರಿಕೊಳ್ಳಬೇಕೆಂದಿದ್ದೆ. ಆದರೆ ಇವತ್ತು ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಸರೋಜತ್ತೆಯ ಫೋಟೋ ಕಂಡು ಮೈ ಉರಿಯಿತು. ‘ನಮ್ಮ ಮನೆತನದ ಹೆಮ್ಮೆ’ಯಂತೆ.

ಅಪ್ಪನ ತಂಗಿ ಸರೋಜತ್ತೆಗೆ ಟೀವಿಯಲ್ಲಿ ಸಿಕ್ಕ ಮೊದಲ ಪಾತ್ರ ದೆವ್ವದ ಧಾರಾವಾಹಿಯೊಂದರದು. ಹಾಳು ವಾಡೆಯಲ್ಲಿ ಗಂಡ ಸತ್ತು, ಕುಂಕುಮ ಅಳಿಸಿ, ಆಮೇಲೆ ತಾನೂ ಸತ್ತು ಬಿಳಿ ಸೀರೆಯಲ್ಲಿ ಅಲೆಯುವ ಹೆಂಗಸು. ಅಣ್ಣಿಗೇರಿಯ ನಮ್ಮ ಓಣಿಯೆಲ್ಲ ನಮ್ಮ ಪಡಸಾಲೆಯಲ್ಲೇ ಕೂತು ಅದನ್ನು ನೋಡಿತ್ತು.

ಆ ಶ್ರಾವಣದ ಶುಕ್ರವಾರ ಅಜ್ಜಿ ಮುತ್ತೈದೆಯರಿಗೆ ಉಡಿ ತುಂಬುತ್ತ ಬಂದು, ಸೆರಗೊಡ್ಡಿ ಕೂತಿದ್ದ ಮಗಳನ್ನು ದಾಟಿದಳು.

“ಊರ ಮಂದಿ ಮುಂದ ಕುಂಕುಮ ಅಳಿಸಿಕೊಂಡಾಕಿಗೆ ಎಂಥಾ ಉಡಿ?”

“ಯವ್ವಾ, ನಿನ್ನ ಅಳಿಯ ಹೊರಗ ಕಟ್ಟಿಮ್ಯಾಲ ಎಲಿ ಅಡಿಕಿ ತಿನ್ನಾಕತ್ತಾನ. ಕರದು ತೋರಿಸ್ಲೇನು?”

ಹೆಂಗಸರು ನಕ್ಕರು, ಅಜ್ಜಿ ನಗಲಿಲ್ಲ. ಕುಂಕುಮದ ತಟ್ಟೆ ನನ್ನ ಕೈಯಲ್ಲಿತ್ತು. ಅತ್ತೆ ಹಣೆ ಬಾಗಿಸಿ, “ನೀನರ ಹಚ್ಚ ನಮ್ಮವ್ವಾ” ಎಂದಳು.

“ನೀ ದೆವ್ವ ಅದಿ” ಎಂದು ಹಿಂದೆ ಸರಿದೆ.

ದೆವ್ವ ಇಲ್ಲವೆಂದು ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು ನಾನು. ನಿಜಕ್ಕೂ ಹೆದರಿದ್ದೆನೋ, ಅಜ್ಜಿಯನ್ನು ಮೆಚ್ಚಿಸಲು ಹಾಗಂದೆನೋ, ಇಂದಿಗೂ ಗೊತ್ತಿಲ್ಲ. ಅತ್ತೆ ಬರಿದಾದ ಸೆರಗು ಸಿಕ್ಕಿಸಿಕೊಂಡು ಮಧ್ಯಾಹ್ನದ ರೈಲಿಗೆ ಹೋದಳು.

ಮುಂದೆ ಮೂವತ್ತು ವರ್ಷ ತಾಯಿ, ವಕೀಲೆ, ಗಯ್ಯಾಳಿ, ಎಲ್ಲ ಪಾತ್ರ ಮಾಡಿದಳು. ತವರಿಗೆ ಮಾತ್ರ ಬರಲಿಲ್ಲ. ಯಾರೂ ತಪ್ಪಾಯಿತು ಎನ್ನಲಿಲ್ಲ, ನಾನೂ ಎನ್ನಲಿಲ್ಲ. ಈಗ ಪ್ರಶಸ್ತಿ ಬಂದದ್ದೇ ತಡ, ಜೂನ್ ಹದಿನಾಲ್ಕಕ್ಕೆ ಸತ್ಕಾರ ಇಟ್ಟಿದ್ದಾರೆ. ಹಾರ ಹಿಡಿದು ಬರುವವರು ಇದನ್ನು ಓದಿಕೊಂಡೇ ಬರಲಿ. ಹಿಂದಿನ ದಿನವೇ ಅದೇ ಗುಂಪಿನಲ್ಲಿ ಹಾಕುತ್ತೇನೆ: ಜೂನ್ ಹದಿಮೂರು.