ಹತ್ತು ಸಲವೂ ಒಂದೇ ಉತ್ತರ

ಅನುಮಾನ ನಮ್ಮ ಮನೆಯಲ್ಲಿ ಯಾರಿಗೂ ಕಲಿಸಬೇಕಾದ ವಿದ್ಯೆಯಲ್ಲ. ಬನಹಟ್ಟಿಯ ನಮ್ಮ ಪವರ್‌ಲೂಮ್ ಮನೆಗೆ ನೂಲಿನ ಗಂಟು ಬಂದರೆ ಅಪ್ಪ ವ್ಯಾಪಾರಿಯ ತಕ್ಕಡಿ ನಂಬದೆ ನಮ್ಮ ತಕ್ಕಡಿಗೆ ಹಾಕುತ್ತಿದ್ದ. ಆಮೇಲೆ ನಮ್ಮ ತಕ್ಕಡಿಯ ಮೇಲೂ ಅನುಮಾನ ಬಂದು ಕೈಯಲ್ಲಿ ಎತ್ತಿ ನೋಡುತ್ತಿದ್ದ. ಅವ್ವ ಬಾಗಿಲಿಗೆ ಕೀಲಿ ಹಾಕಿ, ಓಣಿಯ ತುದಿಗೆ ಹೋಗಿ, ತಿರುಗಿ ಬಂದು ಜಗ್ಗಿ ನೋಡುವವಳು. ಇಂಥವರ ಮಗಳು ನಾನು. ಹಾಗಾಗಿ ಎಂ.ಟೆಕ್. ಓದುವಾಗ ನನ್ನ ಮೇಲೇ ಒಬ್ಬರು ಅನುಮಾನ ಪಟ್ಟಾಗ ಮೊದಲು ಬಂದದ್ದು ಸಿಟ್ಟಲ್ಲ, ಆಶ್ಚರ್ಯ. ಆ ಕೆಲಸ ನಮ್ಮದಲ್ಲವೇ?

ಮೊಬೈಲು ಎಲ್ಲರ ಕಿಸೆಗೂ ಬಂದಿತ್ತು, ವೈ-ಫೈ ಮಾತ್ರ ಇನ್ನೂ ಕಾಲೇಜಿನ ಗ್ರಂಥಾಲಯ ದಾಟಿರಲಿಲ್ಲ. ನಾನು ಜಮಖಂಡಿಯಲ್ಲಿ ಹಂಗಾಮಿ ಉಪನ್ಯಾಸಕಿ. ಎಂ.ಟೆಕ್. ಮುಗಿಸಿದರೆ ಮುಂದಿನ ವರ್ಷ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಆಡಳಿತದವರು ಮುಖಕ್ಕೇ ಹೇಳಿದ್ದರು. ಆ ನೌಕರಿ ನನಗೆ ಬೇಕಾಗಿತ್ತು. ಮನೆಯಲ್ಲಿ ನನ್ನ ಮಾತಿಗೆ ಒಂದಿಷ್ಟು ತೂಕ ಬಂದದ್ದೇ ಅದರಿಂದ. ರಜೆ ದಿನಗಳಲ್ಲಿ ಎರಡು ಬಸ್ಸು ಬದಲಿಸಿ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಹೋಗಿ ಪ್ರಾಜೆಕ್ಟ್ ಮಾಡುತ್ತಿದ್ದೆ.

ವಿಷಯ ಸರಳ. ಗ್ರಂಥಾಲಯದೊಳಗೆ ವೈ-ಫೈ ಮೇಲೆ ಮಾತಾಡುತ್ತಿರುವವನು ಎದ್ದು ಹೊರಗೆ ನಡೆದರೆ, ಅವನ ಕರೆ ಮೊಬೈಲ್ ಟವರಿನ ಕೈಗೆ ದಾಟಬೇಕು. ದಾಟುವಾಗ ಎಷ್ಟು ಕರೆ ಕಡಿಯುತ್ತವೆ, ಮಾತು ಎಷ್ಟು ತಡವಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ಮುಧೋಳದಿಂದ ಬಂದವರು ಲೋಕಾಪುರದಲ್ಲಿ ಇಳಿದು ಬೇರೆ ಬಸ್ಸು ಹತ್ತಿದ ಹಾಗೆ. ಮುಂದಿನ ಬಸ್ಸು ತುಂಬಿ ಬಂದರೆ ಗತಿಯಿಲ್ಲ. ನನ್ನ ಉಪಾಯವೂ ಬಸ್‌ಸ್ಟ್ಯಾಂಡಿನದೇ: ಮನುಷ್ಯ ಬಾಗಿಲಿಗೆ ಬರುವ ಮೊದಲೇ ಅವನ ಹೆಸರಲ್ಲಿ ಟವರಿನೊಳಗೆ ಜಾಗ ಹಿಡಿದಿಡುವುದು, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವಂತೆ.

ನಿಜವಾದ ಟವರನ್ನು ಮುಟ್ಟಲು ನನ್ನನ್ನು ಯಾರು ಬಿಡುತ್ತಾರೆ? ಟವರು, ಗ್ರಂಥಾಲಯ, ಓಡಾಡುವ ಮಂದಿ, ಅವರ ಮಾತು ಎಲ್ಲವನ್ನೂ ಕಂಪ್ಯೂಟರಿನೊಳಗೇ ಹುಟ್ಟಿಸಿ ನೋಡುವುದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಅವ್ವನಿಗೆ ಬಿಡಿಸಿ ಹೇಳಿದೆ. ಅವಳ ಕಣ್ಣು ಸಣ್ಣದಾಯಿತು.

“ಖರೆ ಮಂದಿ ಇಲ್ಲ, ಖರೆ ಫೋನ್ ಇಲ್ಲ. ಮತ್ತ ಕಟ್ ಆಗಿದ್ದು ಯಾರದಬೇ?”

ಒಂದು ಸಲ ನಡೆಸಿ ಬಂದ ಉತ್ತರವನ್ನು ನಂಬಬಾರದು, ಮತ್ತೆ ಮತ್ತೆ ನಡೆಸಿ ಸರಾಸರಿ ತೆಗೆಯಬೇಕು ಎಂಬುದು ಈ ಕೆಲಸದ ನಿಯಮ. ನಾನು ಹತ್ತು ಸಲ ನಡೆಸಿದೆ. ಹತ್ತು ಸಲವೂ ಅದೇ ಉತ್ತರ, ಕೊನೆಯ ದಶಮಾಂಶದವರೆಗೂ. ಕರೆ ಕಡಿಯುವುದು ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಹಿಗ್ಗಿಹೋದೆ. ಮಗ್ಗಕ್ಕೆ ಏರಿಸಿದ ಒಂದೇ ಹಾಸಿನ ಉದ್ದೆಳೆಯಿಂದ ಇಳಿದ ಹತ್ತು ಸೀರೆಗೂ ಅಂಚು ಸರಿಸಮ ಬಂದರೆ ನಮ್ಮಲ್ಲಿ ನೇಕಾರನ ಬೆನ್ನು ತಟ್ಟುತ್ತಾರೆ. ಒಂದರಲ್ಲಿ ಕೂದಲೆಳೆ ಫರಕು ಕಂಡರೂ ವ್ಯಾಪಾರಿ ಇಡೀ ಗಂಟನ್ನು ಪಕ್ಕಕ್ಕೆ ಸರಿಸುತ್ತಾನೆ. ಒಂದೇ ಸಮ ಇರುವುದೇ ಒಳ್ಳೆಯ ಕೆಲಸದ ಗುರುತು ಎಂದು ನೋಡುತ್ತ ಬೆಳೆದವಳು ನಾನು. ಜಗತ್ತನ್ನೆಲ್ಲ ಅನುಮಾನಿಸುವವಳಿಗೆ ಅದೊಂದರ ಮೇಲೆ ಅನುಮಾನ ಬರಲಿಲ್ಲ.

ಬಂದದ್ದು ನನ್ನ ಮಾರ್ಗದರ್ಶಕರಿಗೆ. ಹಿರಿಯ ಪ್ರಾಧ್ಯಾಪಕರು, ಮಾತು ಕಡಿಮೆ. ಅಂಕಿಗಳ ಮೇಲೆ ಬೆರಳಾಡಿಸಿ ಕನ್ನಡಕ ತೆಗೆದರು.

“ಇವು ಕಂಪ್ಯೂಟರ್ ಕೊಟ್ಟದ್ದೇನ್ರಿ, ಇಲ್ಲಾ ನೀವ ಮನ್ಯಾಗ ಕುಂತು ಬರದದ್ದು?”

“ಕಂಪ್ಯೂಟರ್ ಕೊಟ್ಟದ್ದರೀ ಸರ್!” ಎಂದೆ. ಮಗ್ಗದ ಮನೆಯವರ ದನಿ ಸಣ್ಣದಿರುವುದಿಲ್ಲ. ಪವರ್‌ಲೂಮಿನ ಸದ್ದಿನ ಮೇಲೆ ಕೂಗಿ ಉಪ್ಪು-ಖಾರ ಕೇಳಿ ಉಂಡವರು ನಾವು.

“ಒದರಬ್ಯಾಡ್ರಿ. ತಪ್ಪು ಮಾಡಿದವರದ ದನಿ ದೊಡ್ಡದಿರತೈತಿ. ಸೋಮವಾರ ಕಾರಣ ತರ್ರಿ. ಇಲ್ಲಂದ್ರ ನಾ ಸಹಿ ಮಾಡೂದಿಲ್ಲ.”

ಸಹಿ ಇಲ್ಲದೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದೆ ನೌಕರಿ ಇಲ್ಲ. ಬಸ್ಸಿನಲ್ಲಿ ಕೂತು ಕುದಿಯುತ್ತ ಬಂದೆ. ಮುಂದೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಂತರೆ ಅದೂ ನನ್ನ ಮೇಲಿನ ಹಗೆಗೇ ನಿಂತಂತೆ ಕಂಡಿತು. ಇವರಿಗೆ ನಾನು ಪಾಸಾಗುವುದು ಬೇಡವಾಗಿದೆಯೇ? ಅಥವಾ ಯಾರಾದರೂ ನನ್ನ ಫೈಲು ಮುಟ್ಟಿದರೇ? ಅದೇ ಲ್ಯಾಬಿನಲ್ಲಿ, ಅವರದೇ ಕೈಕೆಳಗೆ, ಹುನ್ನೂರ ಕಡೆಯ ಸಹಪಾಠಿಯೊಬ್ಬ ಇದ್ದ. ಹಿಂದಿನ ವರ್ಷದವರು ಬಿಟ್ಟುಹೋದ ಒಂದೇ ಪ್ರೋಗ್ರಾಮನ್ನು ಇಬ್ಬರೂ ನಮ್ಮ ನಮ್ಮ ವಿಷಯಕ್ಕೆ ತಿದ್ದಿಕೊಂಡಿದ್ದೆವು. ಮರುದಿನ ಅವನು ನಗುತ್ತ, “ಅಕ್ಕಾರ, ಚಾ ಕುಡಿತೀರೇನ್ರಿ?” ಎಂದು ಕೇಳಿದರೆ, ಆ ಚಹದ ಹಿಂದೆ ಏನಿದೆ ಎಂದು ಹುಡುಕಿದೆ. ಕುಡಿಯಲಿಲ್ಲ. ಪಾಸ್‌ವರ್ಡ್ ಬದಲಿಸಿದೆ.

ಭಾನುವಾರ ಲ್ಯಾಬಿನಲ್ಲಿ ಒಬ್ಬಳೇ ಕೂತು ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಓದಿದೆ. ನಾನು ಬರೆದ ಭಾಗದಲ್ಲಿ ತಪ್ಪಿರಲಿಲ್ಲ. ಯಾರೂ ಎಂದೂ ಮುಟ್ಟದೆ ಬಿಟ್ಟ ಒಂದು ಸಾಲಿನಲ್ಲಿತ್ತು. ಯಾರು ಯಾವಾಗ ಎದ್ದು ನಡೆಯಬೇಕು, ಎಷ್ಟು ಹೊತ್ತು ಮಾತಾಡಬೇಕು ಎಂಬುದನ್ನು ಕಂಪ್ಯೂಟರು ಒಂದು ಮೊದಲ ಸಂಖ್ಯೆಯಿಂದ ಲೆಕ್ಕ ಹಾಕಿ ಹುಟ್ಟಿಸುತ್ತದೆ. ಅದಕ್ಕೆ ಬೀಜ ಎನ್ನುತ್ತಾರೆ. ಪ್ರತಿ ಸಲ ಬೀಜ ಬದಲಿಸಬೇಕು. ಬದಲಿಸದಿದ್ದರೆ ಅದೇ ಮಂದಿ ಅದೇ ಹೊತ್ತಿಗೆ ಅದೇ ಬಾಗಿಲಿನಿಂದ ಹೊರಬೀಳುತ್ತಾರೆ. ನಾನು ಹತ್ತು ದಿನ ನೋಡಿರಲಿಲ್ಲ. ಒಂದೇ ದಿನವನ್ನು ಹತ್ತು ಸಲ ನೋಡಿದ್ದೆ.

ಅಬ್ಬಾ, ನಾನು ಕಳ್ಳಿಯಲ್ಲ ಎಂದು ಜೀವ ಹಗುರಾಯಿತು. ಆ ಹಗುರ ಬಹಳ ಹೊತ್ತು ಉಳಿಯಲಿಲ್ಲ. ಕಾರಣ ಹೇಳಿದರೆ ನಾನು ಸುಳ್ಳಿ ಅಲ್ಲವೆಂದಾಗುತ್ತದೆ, ಆದರೆ ಇಷ್ಟು ತಿಂಗಳ ಕೆಲಸ ಸುಳ್ಳೆಂದಾಗುತ್ತದೆ. ಬೀಜ ಬದಲಿಸಿ ನಡೆಸಿದೆ. ಉತ್ತರಗಳು ಚೆಲ್ಲಾಪಿಲ್ಲಿಯಾದವು. ಕೆಲವು ಸಲ ನನ್ನ ಉಪಾಯ ಗೆದ್ದಿತು. ಮಂದಿ ಹೆಚ್ಚಾದ ಸಲವೆಲ್ಲ ಕೆಟ್ಟದಾಗಿ ಸೋತಿತು. ಹೊರಗೆ ಬಾರದೇ ಹೋದವರಿಗಾಗಿ ಹಿಡಿದಿಟ್ಟ ಜಾಗ ಖಾಲಿ ಉಳಿಯುತ್ತಿತ್ತು, ಬಂದವರ ಕರೆ ಜಾಗವಿಲ್ಲದೆ ಕಡಿಯುತ್ತಿತ್ತು. ಅಳು ಬಂತು. ಅತ್ತುಬಿಟ್ಟೆ.

ಸೋಮವಾರ ಸೋತ ಉತ್ತರಗಳನ್ನೂ ಬರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಅವರು ನಂಬಲಿಲ್ಲ. ಎದುರಿಗೆ ಕೂರಿಸಿ, ತಾವೇ ಒಂದು ಸಂಖ್ಯೆ ಹೇಳಿ ನಡೆಸಲು ಹಚ್ಚಿದರು, ಮತ್ತೊಂದು ಹೇಳಿದರು, ಹಳೆಯದನ್ನು ತಿರುಗಿ ಹಾಕಿಸಿದಾಗ ಹಳೆಯ ಉತ್ತರವೇ ಬಂತು. ಉತ್ತರಗಳನ್ನು ಒಂದಕ್ಕೊಂದು ತಾಳೆ ಹಾಕಿದರು.

“ಸೋತದ್ದ ಬರದೀರಿ ಅಂದಮ್ಯಾಲೆ ಖರೆ ಇರಬೇಕು ಬಿಡ್ರಿ” ಎಂದು ಸಹಿ ಮಾಡಿದರು.

ಪರೀಕ್ಷೆಯ ದಿನ ಸಹಪಾಠಿಯ ಸರದಿ ಮೊದಲು. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ಗೋಡೆಯ ಮೇಲೆ ಅವನ ಉತ್ತರಗಳ ಚಿತ್ರ ಬಿತ್ತು: ಹತ್ತು ಕಂಬ, ಹತ್ತೂ ಒಂದೇ ಎತ್ತರ. ಅದೇ ಹಳೆಯ ಪ್ರೋಗ್ರಾಮು, ಅದೇ ಮುಟ್ಟದ ಸಾಲು. ಅವನಿಗೆ ಗೊತ್ತೂ ಇರಲಿಲ್ಲ, ಅವನ ಮುಖ ನೋಡಿದರೇ ತಿಳಿಯುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಚಹ ಕುಡಿಯುತ್ತ ತಲೆಯಾಡಿಸಿದರು. ನಮ್ಮ ಮಾರ್ಗದರ್ಶಕರು, “ಛಲೋ ಮಾಡ್ಯಾನ” ಎಂದರು. ಆಮೇಲೆ ನನ್ನ ಸರದಿ. ನಿಮ್ಮ ಉತ್ತರಗಳು ಯಾಕೆ ಇಷ್ಟು ಏರುಪೇರು ಎಂದು ಪರೀಕ್ಷಕರು ನನ್ನನ್ನು ಬಹಳ ಹೊತ್ತು ಕಾಡಿ, ಕೊನೆಗೆ ಪಾಸು ಮಾಡಿದರು.

ನೌಕರಿ ಉಳಿದಿತ್ತು. ಸುಮ್ಮನೆ ಮನೆಗೆ ಬರಬಹುದಾಗಿತ್ತು. ಆದರೂ ಮಾರ್ಗದರ್ಶಕರು ವರಾಂಡಕ್ಕೆ ಬರುವವರೆಗೆ ಕಾಯ್ದೆ.

“ಸರ್, ಅವರದೂ ಹತ್ತೂ ಸಲ ಒಂದ ಬಂದಿತ್ತರಿ. ಅವರು ಮನ್ಯಾಗ ಕುಂತು ಬರದಾರೇನು ಅಂತ ಯಾಕ ಕೇಳಲಿಲ್ಲರಿ?”

ಅವರು ಸಿಟ್ಟಾಗಲಿಲ್ಲ. ನನ್ನ ಪ್ರಶ್ನೆಯೇ ಅರ್ಥವಾಗದವರಂತೆ ಒಂದು ಗಳಿಗೆ ನೋಡಿದರು.

“ಅಂವ ಅಂಥಾ ಹುಡುಗ ಅಲ್ಲರೀ” ಎಂದರು.