ಬಾಜೂಕಿನ ಸ್ವೆಟರ್ ಅಂಗಡಿ

ಕಲಘಟಗಿ ಸಂತೆಯಲ್ಲಿ ನಾನು ಕಂಬಳಿ ಮಾರುತ್ತೇನೆ. ಚಳಿ ಬಿದ್ದರೆ ಸಾಕು, ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನ ಡೋಲ್ಮಾ ನನ್ನ ಬಾಜೂಕೇ ಸ್ವೆಟರ್ ಹರವುತ್ತಾಳೆ. "ಬರ್ರಿ ಅಕ್ಕಾರ, ಮುಟ್ಟಿ ನೋಡ್ರಿ" ಎಂದು ಅವಳು ಕರೆದರೆ ನನ್ನ ಗಿರಾಕಿಗಳೂ ಅತ್ತ ಹೊರಳುತ್ತಾರೆ. ಹೋದ ವಾರ ನನ್ನ ನಾದಿನಿಯೇ ಹೋದಳು! ತಡೆಯಲಾಗದೆ ಕೇಳಿಬಿಟ್ಟೆ: "ಹೊರಗಿಂದ ಬಂದಾಕಿಗೆ ಇಷ್ಟು ಚಲೋ ಕನ್ನಡ ಯಾರು ಕಲಿಸ್ಯಾರಬೇ?"

ಅವಳು ನಕ್ಕಳು. "ನಮ್ಮವ್ವ ದೇಶ ಬಿಟ್ಟು ಬಂದಾಗ ಆಕಿಗೆ ಒಂದು ಮಾತೂ ಬರ್ತಿದ್ದಿಲ್ರಿ. ಇದ ಸಂತ್ಯಾಗ ಬಳಿ ಮಾರೂ ನೀಲವ್ವಾರು ಬಾಜು ಕುಂದ್ರಿಸಿಕೊಂಡು ಕಲಿಸಿದ್ರು. ಅವ್ವ ನನಗ ಕಲಿಸಿದ್ಳು. ನೀಲವ್ವಾರನ್ನ ನೆನಸಿದ ಮ್ಯಾಲೇ ನಾವು ಅಂಗಡಿ ಹಚ್ಚೂದ್ರಿ."

ಸಿಟ್ಟು ಇಳಿಯಿತು, ಹೊಟ್ಟೆಕಿಚ್ಚು ಇಳಿಯಲಿಲ್ಲ. ಈಗ ಅದು ಆ ನೀಲವ್ವನ ಮೇಲೂ ಶುರುವಾಗಿದೆ. ಇಷ್ಟು ವರ್ಷ ಸಂತೆ ಮಾಡಿದರೂ ನನ್ನನ್ನು ಹಾಗೆ ನೆನೆಯುವವರು ಒಬ್ಬರೂ ಇಲ್ಲ.