ಗ್ವಾದಲಿಗೆ ಮೆತ್ತಿದ ಹಳ್ಳದ ಗೋಡು

ಎಮ್ಮೆಯ ಸುತ್ತ ನಿಂತಿದ್ದವರು ಅತ್ತೆ, ಮಾವ, ಪಕ್ಕದ ಮನೆಯ ಕಾಕಿ, ಮತ್ತು ನರಗುಂದದಿಂದ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬದ ನಾನು. ನಮ್ಮ ಸೀಮೆ ಆಗ ಮುಂಬೈ ಸರಕಾರದ ಕೆಳಗಿತ್ತು. ಎಮ್ಮೆ ಗೋಡೆಗೆ ಹಣೆ ಒತ್ತಿ ಹಲ್ಲು ಕಡಿಯುತ್ತಿತ್ತು. ಕಣ್ಣೆದುರು ಕೈಯಾಡಿಸಿದರೂ ರೆಪ್ಪೆ ಬಡಿಯಲಿಲ್ಲ.

"ಇದಕ್ಕ ಮೇವು ಯಾರು ಹಾಕ್ತಾರವ್ವಾ?" ಎಂದರು ಕಾಕಿ, ಗೊತ್ತಿದ್ದೂ.

"ಮತ್ಯಾರು, ನರಗುಂದದ ಮಹಾರಾಣಿ. ಏನು ತಿನಿಸ್ಯಾಳೋ, ಶಿವನ ಬಲ್ಲ" ಎಂದರು ಅತ್ತೆ.

ನನ್ನ ಅನುಮಾನ ಗ್ವಾದಲಿಯ ಮೇಲಿತ್ತು. ಮೇವು ಹಾಕುವ ಆ ಮಣ್ಣಿನ ಕಟ್ಟೆಗೆ ಅತ್ತೆ ಪ್ರತಿವರ್ಷ, ಮಹಾಪೂರ ಇಳಿದ ಮೇಲೆ, ಹಳ್ಳದ ದಂಡೆಯ ಗೋಡು ತಂದು ಮೆತ್ತುತ್ತಿದ್ದರು. ಬೆಣ್ಣೆಯಂಥ ಮಣ್ಣು. ಆ ವರ್ಷ ಹಳ್ಳದ ಮೇಲುಗಡೆ ನೂಲಿಗೆ ಹಳದಿ ಬಣ್ಣ ಹಾಕುವವರು ಕುಣಿ ತೋಡಿದ್ದರು. ನೀರು ಆ ಕುಣಿಗಳನ್ನು ಬಳಿದುಕೊಂಡೇ ಬಂದಿತ್ತು. ಒಣಗಿದ ಗೋಡಿನಲ್ಲಿ ಹಳದಿ ಪದರು ಕಾಣುತ್ತಿತ್ತು. ಆ ಬಣ್ಣಕ್ಕೆ ಸೀಸದ ಉಪ್ಪು ಬೀಳುತ್ತದೆ, ಅದರ ನೀರು ಚೆಲ್ಲಿದಲ್ಲಿ ದನ ಕಟ್ಟಬಾರದು ಎಂಬುದು ನನ್ನ ತವರಿನ ಓಣಿಯಲ್ಲಿ ಎಲ್ಲರ ಬಾಯಲ್ಲಿದ್ದ ಮಾತು. ಎಮ್ಮೆಯೋ, ಎಷ್ಟೋ ದಿನದಿಂದ ಮೇವು ಬಿಟ್ಟು ಕಟ್ಟೆಯನ್ನೇ ನೆಕ್ಕುತ್ತಿತ್ತು.

"ಅತ್ತೀ, ಈ ಗೋಡಿನಾಗ ಏನೋ ಐತ್ರಿ" ಎಂದೆ.

"ಗಂಗಾಮಾಯಿ ಕೊಟ್ಟ ಮಣ್ಣಿಗೆ ಹೆಸರಿಡತೀ? ನಿನ್ನ ಕೈಗೆ ಇಡು!"

ಎಮ್ಮೆ ಸತ್ತಿತು. ಮಾವ ನನಗೆ ಕೇಳುವಂತೆಯೇ ನನ್ನ ಗಂಡನಿಗೆ ಹೇಳಿದರು: "ಹಬ್ಬದ ನೆವಾ ಮಾಡಿ ತವರಿಗೆ ಬಿಟ್ಟು ಬಾ. ಕರಕೊಂಡು ಬರೂದು ಆಮ್ಯಾಲ ನೋಡೋಣು." ನಾನು ಸೀರೆ ಗಂಟು ಕಟ್ಟಿಟ್ಟೆ.

ಅಂದಿನಿಂದ ನಾನು ದನದ ಕಡೆ ಹಾಯುವಂತಿರಲಿಲ್ಲ. ನಾನು ಸೇದಿದ ನೀರನ್ನೂ ಅತ್ತೆ ಮೂಸಿ ನೋಡುವರು. ಎಮ್ಮೆಯ ಜಾಗದಲ್ಲಿ ಮನೆಯ ಮಣಕವನ್ನು, ಇನ್ನೂ ಈಯದ ಎಳೆಯ ಎಮ್ಮೆಯನ್ನು, ಕಟ್ಟಿ ತಾವೇ ಮೇವು ಹಾಕತೊಡಗಿದರು. ಹಬ್ಬ ಬರುವ ಮೊದಲೇ ಮಣಕವೂ ಹಲ್ಲು ಕಡಿಯತೊಡಗಿತು.

ಕಾಕಿ ಇಣುಕಿದರು. "ಈಗ ಯಾರು ಹಾಕ್ತಾರವ್ವಾ ಮೇವು?"

"ನಿನ್ನ ಒಲಿ ಮ್ಯಾಲ ಹಾಲು ಉಕ್ಕತೈತಿ, ಹೋಗು" ಎಂದರು ಅತ್ತೆ.

ಮಾವ ಮಣಕ ಕಟ್ಟೆ ನೆಕ್ಕುವುದನ್ನು ನೋಡಿದರು. ಅದನ್ನು ಬಿಚ್ಚಿ ಅಂಗಳದಲ್ಲಿ ಕಟ್ಟಿದರು. ಗುದ್ದಲಿ ತಂದು ಗ್ವಾದಲಿಯನ್ನು ಕೆಡವಿ, ಆ ಮಣ್ಣನ್ನು ಊರಾಚೆ ಹೂತು ಮೇಲೆ ಜಾಲಿಮುಳ್ಳು ಒಟ್ಟಿದರು. ಮಣಕ ಉಳಿಯಿತು. ತವರಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಹಾಗೆಂದು ಅತ್ತೆಯ ಅನುಮಾನ ಪೂರ್ತಿ ಹೋಯಿತೆನ್ನಲಾರೆ. ನೀರು ಮೂಸುವುದು ಬಹಳ ದಿನ ನಡೆಯಿತು.

ಮುಂದಿನ ವರ್ಷ ಮಹಾಪೂರ ಇಳಿದಾಗ ಅತ್ತೆ ಎರಡು ಬುಟ್ಟಿ ತೆಗೆದುಕೊಂಡು ನನ್ನನ್ನು ಕರೆದರು. ಗೋಡು ತುಳಿಯದೆ ಹಳ್ಳ ದಾಟಿ, ಗಜೇಂದ್ರಗಡದ ಗುಡ್ಡದ ಬುಡದವರೆಗೆ ನಡೆದು ಗ್ವಾದಲಿಗೆ ಮೆತ್ತಲು ಕೆಂಪು ಮಣ್ಣು ಅಗೆದರು. ಒಂದು ಬುಟ್ಟಿಯನ್ನು ನನ್ನ ತಲೆಯ ಮೇಲಿಟ್ಟರು.